ಬದರಿಯ ನೋಟೀಸು, ಬೇಲಿಯಾಚೆಯ ಮೇಪಲ್

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿದ್ದ ಬದರಿಯ ಎದೆ ಧಸಕ್ಕೆನ್ನುತ್ತಿತ್ತು. ಊರವರೆಲ್ಲ ಬಣ್ಣ ತಿರುಗಿದ ಎಲೆ ನೋಡಲು ಕಾರು ಹತ್ತಿದರೆ, ಇವನು ಹಿತ್ತಿಲಲ್ಲಿ ರೇಕ್ ಹಿಡಿದು ಅದೇ ಎಲೆಗಳನ್ನು ಗುಡ್ಡೆ ಹಾಕುತ್ತಿದ್ದ. ಅವಾದರೂ ತನ್ನವೇ? ಬೇಲಿಯಾಚೆ, ಪಕ್ಕದ ಮನೆಯ ಮಾರ್ಗರೆಟ್ ಆಂಟಿಯ ಕಡೆ ನಿಂತ ಮೇಪಲ್ ಮರದವು! ಆರು ವರ್ಷಗಳಿಂದ ಅವನ ಶನಿವಾರಗಳೆಲ್ಲ ಆ ಮರಕ್ಕೆ ಬಲಿ. ಹೇಗಾದರೂ ಮಾಡಿ ಶನಿವಾರ ಉಳಿಸಿಕೊಳ್ಳಬೇಕೆಂಬುದೇ ಅವನ ಜೀವನದ ಪರಮ ಗುರಿಯಾಗಿತ್ತು.

ದಾರಿ ತೋರಿಸಿದ್ದು ಬ್ರಿಟಿಷ್ ಕಾನೂನು. ಬದರಿ ಹಿಂದೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದ. ಆಗ ಯಾವುದೋ ಬಾಡಿಗೆ ಮನೆಯ ತಕರಾರಿಗೆಂದು, ಅಲ್ಲಿನ ವ್ಯಾಪಾರಿಗಳಿಗೂ ಜನಸಾಮಾನ್ಯರಿಗೂ ಕಾನೂನು ಸುದ್ದಿ, ಸಲಹೆ ಕಳಿಸುವ ವಾರಪತ್ರವೊಂದಕ್ಕೆ ತನ್ನ ಇಮೇಲ್ ಕೊಟ್ಟಿದ್ದ. ತಕರಾರು ಮುಗಿಯಿತು, ದೇಶವೇ ಬದಲಾಯಿತು, ಪತ್ರ ಮಾತ್ರ ಸೋಮವಾರ ಸೋಮವಾರ ಬರುತ್ತಲೇ ಇತ್ತು. ಅದನ್ನು ಕಾಫಿಯ ಜೊತೆ ಓದೀ ಓದೀ ಬದರಿ ಅರ್ಧ ಬ್ಯಾರಿಸ್ಟರ್ ಆಗಿದ್ದ. (ಉಳಿದರ್ಧ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್.)

"ಸಿಕ್ತು ಕಣೇ!" ಎಂದು ಆ ಸೋಮವಾರ ಕೂಗಿದ. "ಪಕ್ಕದವರ ಕೊಂಬೆ ನಮ್ಮ ಕಡೆ ಚಾಚಿದ್ರೆ ಗಡೀತನಕ ಕತ್ತರಿಸಬಹುದು. ಆದ್ರೆ ಕೊಂಬೆ ಅವರ ಆಸ್ತಿ, ಅವರಿಗೇ ಒಪ್ಪಿಸಬೇಕು!"

"ಯಾವ ಕಾನೂನು?" ಎಂದಳು ಹೆಂಡತಿ ವಿಭಾ.

"ಇಂಗ್ಲೆಂಡಿಂದು."

"ನಾವಿರೋದು ನ್ಯೂಜೆರ್ಸೀಲಿ ರೀ."

"ಜೆರ್ಸಿ ಅನ್ನೋ ಹೆಸರನ್ನೇ ಅಲ್ಲಿಂದ ಹೊತ್ತು ತಂದವರು ಕಾನೂನು ಬಿಟ್ಟು ಬಂದಿರ್ತಾರಾ?"

"ಹಾಗಾದ್ರೆ ನಾಳೆ ಎಡಗಡೇಲಿ ಡ್ರೈವ್ ಮಾಡ್ಕೊಂಡು ಆಫೀಸಿಗೆ ಹೋಗಿ, ನೋಡೋಣ. ಸುಮ್ನೆ ಆಂಟೀನ ಒಂದು ಮಾತು ಕೇಳಬಾರದಾ?"

"ಮುಖ ನೋಡಿ ಕೇಳೋಕೆ ದಾಕ್ಷಿಣ್ಯ ಆಗತ್ತೆ. ನೋಟೀಸಾದ್ರೆ ಆಗಲ್ಲ."

ಶನಿವಾರ ಬೆಳಿಗ್ಗೆ ಬದರಿ ಏಣಿ ಹತ್ತಿ, ಗರಗಸ ಆಡಿಸಿ, ಮೂರು ಕೊಂಬೆಗಳನ್ನು ಉರುಳಿಸಿ ಬೇಲಿಯಾಚೆ ಎಸೆದ. ಅವು ನೇರ ಆಂಟಿಯ ಸೇವಂತಿಗೆ ಗಿಡಗಳ ಮೇಲೆ ಬಿದ್ದವು. ("ಡ್ಯಾಡ್, ದಿಸ್ ಈಸ್ ಸೋ ಎಂಬ್ಯಾರಸಿಂಗ್!" ಎಂದು ಮಗಳು ಅನಿಕಾ ಒಳಗೆ ಓಡಿದಳು.) ಆಮೇಲೆ ಆಂಟಿಯ ಬಾಗಿಲಿಗೆ ಸಹಿ ಹಾಕಿದ ನೋಟೀಸು ಅಂಟಿಸಿ ಬಂದ: 'ತಮ್ಮ ವೃಕ್ಷದಿಂದ ಛೇದಿಸಲ್ಪಟ್ಟ ಶಾಖೆಗಳನ್ನು ಈ ಮೂಲಕ ತಮಗೆ ಒಪ್ಪಿಸಲಾಗಿದೆ. ಇನ್ನು ಮುಂದೆ ಯಾವ ಅಂಗಳದಲ್ಲೇ ಆಗಲಿ, ಉದುರಿದ ಎಲೆಗಳನ್ನು ಮರದ ಒಡೆಯರೇ ಬಂದು ಒಯ್ಯತಕ್ಕದ್ದು.' ಎರಡನೆಯ ವಾಕ್ಯ ಯಾವ ಕಾನೂನಿನಲ್ಲೂ ಇರಲಿಲ್ಲ. ಅದು ಬದರಿಯ ಸ್ವಂತ ಶಾಸನ.

ಒಂದು ಗಂಟೆಯೊಳಗೆ ಕಾಲಿಂಗ್ ಬೆಲ್ ಸದ್ದಾಯಿತು. ಬಾಗಿಲಲ್ಲಿ ಮಾರ್ಗರೆಟ್ ಆಂಟಿ, ಒಂದು ಕೈಯಲ್ಲಿ ನೋಟೀಸು, ಇನ್ನೊಂದರಲ್ಲಿ ಸುರುಳಿ ಸುತ್ತಿದ ಕಾಗದ. ಮಂಗಳೂರಿನವರೆಂಬುದೊಂದು ಬಿಟ್ಟರೆ ಬದರಿಗೆ ಅವರ ಬಗ್ಗೆ ಏನೂ ತಿಳಿಯದು. ಆರು ವರ್ಷ ಇಬ್ಬರೂ ಹವಾಮಾನದ ಮಾತಿನಲ್ಲೇ ಕಳೆದಿದ್ದರು.

"ಎಂಥ ಚಂದ ಬರೆದಿದ್ದೀರಿ ಮಾರಾಯ್ರೆ! ಲಂಡನ್ನಲ್ಲಿ ವಕೀಲರ ಆಫೀಸಲ್ಲಿ ಇಪ್ಪತ್ತೆಂಟು ವರ್ಷ ಇಂಥದ್ದನ್ನೇ ಟೈಪ್ ಮಾಡಿದವಳು ನಾನು. ಓದಿ ಕಣ್ಣಲ್ಲಿ ನೀರು ಬಂತು."

ಬದರಿ ಉಬ್ಬಿಹೋದ. "ಹಾಗಾದ್ರೆ ಒಪ್ಕೋತೀರಾ ಆಂಟಿ?"

"ಅಕ್ಷರಕ್ಕಕ್ಷರ ಒಪ್ತೇನೆ. ಒಂದು ಸಣ್ಣ ವಿಷಯ ಉಂಟು." ಆಂಟಿ ಸುರುಳಿ ಬಿಚ್ಚಿದರು. "ಇದು ನನ್ನ ಮನೆಯ ಸರ್ವೆ ನಕ್ಷೆ. ಬೇಲಿ ಹಾಕಿಸಿದ್ದು ನಿಮ್ಮ ಮನೆಯ ಹಳೇ ಓನರು, ನಾಯಿಗೆ ಅಂತ. ಮರದ ಬೇರು ಅಡ್ಡ ಬಂತು, ಅವರ ಜಾಗದಲ್ಲೇ ನಾಲ್ಕಡಿ ಒಳಗೆ ಹಾಕಿಬಿಟ್ಟರು. ಗಡಿ ಬೇಲಿಯಲ್ಲಿಲ್ಲ, ಮರದಿಂದಲೂ ಆಚೆ, ನನ್ನ ಕಡೆಗೆ ಉಂಟು."

"ಅಂದ್ರೆ?"

"ಅಂದ್ರೆ ಮರ ನಿಮ್ಮದು."

ವಿಭಾ ಒಳಗೆ ಹೋಗಿ, ಮನೆ ಕೊಂಡಾಗಿನ ಫೈಲು ತಂದು ಬಿಡಿಸಿದಳು. ಅದರಲ್ಲೂ ಅದೇ ಗೆರೆ, ಅದೇ ಮರ. ಬ್ರಿಟನ್ನಿನ ಕಾನೂನನ್ನು ವಾರವಾರ ಅರೆದು ಕುಡಿದ ಮಹಾನುಭಾವ, ಸ್ವಂತ ಮನೆಯ ಕಾಗದವನ್ನು ಒಂದು ದಿನವೂ ತೆರೆದು ನೋಡಿರಲಿಲ್ಲ.

"ಅಯ್ಯೋ, ಇಷ್ಟು ವರ್ಷ ನಿಮ್ಮ ಅಂಗಳದ ಎಲೆ ಯಾರು ಗುಡಿಸ್ತಿದ್ರು ಆಂಟಿ?" ವಿಭಾಳಿಗೆ ನಿಜವಾಗಿಯೂ ನಾಚಿಕೆಯಾಯಿತು.

"ನಾನೇ. ನೆರೆಯವರಿಗೆ ಹೇಳುದು ಹೇಗೆ ಅಂತ ದಾಕ್ಷಿಣ್ಯ. ಈಗ ಇವರೇ ಬರೆದು ಕೊಟ್ರಲ್ಲ, ದಾಕ್ಷಿಣ್ಯ ಬಿಟ್ಟಿತು ನೋಡಿ."

ಬದರಿಯ ದನಿ ಪಾತಾಳಕ್ಕಿಳಿಯಿತು. "ಆಂಟಿ, ಅದು ಇಂಗ್ಲೆಂಡಿನ ಕಾನೂನು. ಇಲ್ಲೆಲ್ಲ ನಡೆಯಲ್ಲ."

"ಸಹಿ ಹಾಕಿರೋದು ಪಾರ್ಸಿಪನೀಲೇ ಅಲ್ವಾ ರೀ?" ಎಂದಳು ವಿಭಾ.

ಮಧ್ಯಾಹ್ನದ ಹೊತ್ತಿಗೆ ಬದರಿ ತನ್ನ ಹಿತ್ತಿಲು ಮುಗಿಸಿ, ಕೊಂಬೆಗಳನ್ನು ವಾಪಸು ಎಳೆದುಕೊಂಡು, ಆಂಟಿಯ ಅಂಗಳಕ್ಕೆ ಇಳಿದಿದ್ದ. ಹೆಂಗಸರಿಬ್ಬರೂ ಆಂಟಿಯ ಡೆಕ್ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಅವನು ಕೊನೆಯ ಗುಡ್ಡೆಯನ್ನು ಚೀಲಕ್ಕೆ ತುಂಬಿ, ಉಸ್ಸಪ್ಪಾ ಎಂದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಗಾಳಿ ಬೀಸಿತು.

"ಬದರಿಯವರೇ," ಮಾರ್ಗರೆಟ್ ಆಂಟಿ ಬಹಳ ಗೌರವದಿಂದ ಕೂಗಿದರು, "ನಿಮ್ಮ ಆಸ್ತಿ ಇನ್ನೂ ಬರ್ತಾ ಉಂಟು!"