ಸಮುವೇಲಪ್ಪನ ಒಂದು ದಿನದ ಬಡತನ

ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳುವ ಚಟ ಇಲ್ಲದಿದ್ದರೆ ಸಮುವೇಲಪ್ಪನಿಗೆ ಈ ಫಜೀತಿಯೇ ಬರುತ್ತಿರಲಿಲ್ಲ. ಮಾಲೂರಿನ ಪಕ್ಕದಲ್ಲಿ ಅವನದೊಂದು ಇಟ್ಟಿಗೆ ಗೂಡು. ವಾರವಾರವೂ ಎದ್ದು, "ನಾನು ಮುಟ್ಟಿದ ಮಣ್ಣೆಲ್ಲ ಚಿನ್ನ ಆಗೋ ಹಂಗೆ ಕರ್ತನು ಆಶೀರ್ವಾದ ಮಾಡವ್ನೆ" ಎನ್ನುತ್ತಿದ್ದ. ಕರ್ತನ ಕೈ ಎಷ್ಟು ಧಾರಾಳವೋ ಇವನ ಕೈ ಅಷ್ಟು ಬಿಗಿ. ಹಿಡಿದ ಕಾಸು ಅಲ್ಲೇ ಉಸಿರು ಕಟ್ಟಿ ಸಾಯಬೇಕು.

ಹೋದ ಭಾನುವಾರ ಸಾಕ್ಷಿ ಮುಗಿಯುತ್ತಲೇ ಸಭಾಪಾಲಕರು ಎದ್ದರು. "ಮಳೆಗೆ ನಮ್ಮ ಸುನಂದಮ್ಮನ ಮನೆ ಗೋಡೆ ಬಿದ್ದಿದೆ. ಗಂಡನಿಲ್ಲದ ಹೆಣ್ಣುಮಗಳು. ಹೆಚ್ಚು ಪಡೆದವನ ಹತ್ರ ದೇವರು ಹೆಚ್ಚು ಕೇಳ್ತಾನೆ. ಒಂದು ಕೋಣೆಗಾಗೋವಷ್ಟು ಇಟ್ಟಿಗೆ ಸಮುವೇಲಪ್ಪನವರದು. ಮುಂದಿನ ವಾರ ಅವರ ಬಾಯಲ್ಲೇ ಕೇಳೋಣ."

ಸಭೆಯೆಲ್ಲ "ಆಮೆನ್" ಎಂದಿತು. ಸಮುವೇಲಪ್ಪನ ಎದೆ ಮಾತ್ರ ಕಾದ ಇಟ್ಟಿಗೆಗೆ ನೀರು ಬಿದ್ದ ಹಾಗೆ ಚುಸ್ ಎಂದಿತು.

ವಾರವೆಲ್ಲ ಯೋಚಿಸಿ ಉಪಾಯ ಕಂಡುಕೊಂಡ: ಬಡವನ ಹತ್ತಿರ ಯಾರೂ ಏನೂ ಕೇಳುವುದಿಲ್ಲ! ಈ ಭಾನುವಾರ ಕಾರನ್ನು ಶೆಡ್ಡಿನಲ್ಲೇ ಬಿಟ್ಟು, ಹರಕಲು ಅಂಗಿ ತೊಟ್ಟು ನಡೆದೇ ಹೊರಟ. "ಈ ವೇಷದಲ್ಲಿ ನಿಮ್ ಜೊತೆ ನಾನ್ ಬರಲ್ಲಪ್ಪ" ಎಂದು ಹೆಂಡತಿ ರೂತಮ್ಮ ಮನೆಯಲ್ಲೇ ಉಳಿದಳು.

ರೈಲ್ವೆ ಗೇಟಿನ ಹತ್ತಿರ ಪಂಕ್ಚರ್ ಅಂಗಡಿ ಫಯಾಜ್ ಕೂಗಿದ. "ಏನ್ ಸಮುವೇಲಣ್ಣಾ, ಗಾಡಿ ಎಲ್ಲಿ?"

"ಇನ್ನೆಲ್ಲಿ ಗಾಡಿ ಫಯಾಜು. ಕೊಟ್ಟೋನೂ ಅವನೇ, ತಕ್ಕೊಂಡೋನೂ ಅವನೇ."

ಅಷ್ಟು ಸಾಕಾಯಿತು. ಫಯಾಜನ ಬಾಯಿಗೆ ಬಿದ್ದ ಸುದ್ದಿ, ಇಳಿಜಾರಿನಲ್ಲಿ ಬಿಟ್ಟ ಟೈರಿನಂತೆ ಉರುಳಿತು. ಸಮುವೇಲಪ್ಪ ಚರ್ಚು ಮುಟ್ಟುವ ಹೊತ್ತಿಗೆ, ಅವನ ಗೂಡು ಮುಳುಗಿತೆಂದು, ಕಾರನ್ನು ಬ್ಯಾಂಕಿನವರು ಎಳೆದುಕೊಂಡು ಹೋದರೆಂದು ಒಳಗೆ ಪ್ರಾರ್ಥನೆಯೇ ಶುರುವಾಗಿತ್ತು.

ಸಭಾಪಾಲಕರು ಇಟ್ಟಿಗೆಯ ಮಾತೇ ಎತ್ತಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ಕಣ್ಣೀರು ಹಾಕಿದರು. ಸಮುವೇಲಪ್ಪ ಒಳಗೊಳಗೇ ಹಿಗ್ಗಿ, ಹೊರಗೆ ಇನ್ನಷ್ಟು ಕುಗ್ಗಿದ.

ಆಚೆ ಬಂದರೆ ಸುನಂದಮ್ಮ ಒಂದು ಡಬ್ಬಿ ಹಿಡಿದು ನಿಂತಿದ್ದಳು. ಸುದ್ದಿ ಕೇಳಿ ಮನೆಗೆ ಓಡಿ ಹೋಗಿ ತಂದಿದ್ದಳು. "ರಾಗಿ ಹಿಟ್ಟು ಅಣ್ಣಾ. ನಾಚ್ಕೋಬೇಡಿ. ಗೋಡೆ ಬಿದ್ರೆ ಟಾರ್ಪಾಲು ಕಟ್ಕೋಬೋದು, ಹೊಟ್ಟೆಗೆ ಏನ್ ಕಟ್ಕೋತೀರ?"

ಬೇಡವೆಂದರೆ ಬಡತನ ಬಯಲಾಗುತ್ತದೆ. ಸಮುವೇಲಪ್ಪ ಇಸಿದುಕೊಂಡ. ಮಧ್ಯಾಹ್ನ ಆ ಹಿಟ್ಟಷ್ಟನ್ನೂ ಮುದ್ದೆ ಮಾಡಿಸಿ, ಕೋಳಿ ಸಾರಿನಲ್ಲಿ ಅದ್ದಿ ನುಂಗಿ, ಗೊರಕೆ ಹೊಡೆದ.

ಸಂಜೆ ಎದ್ದು ನೋಡಿದರೆ ಅಂಗಳದಲ್ಲಿ ಗೂಡಿನ ಮೇಸ್ತ್ರಿ ಕದಿರೇಶ್. ಅವನ ಹಿಂದೆ ಗಂಟುಮೂಟೆ ಹೊತ್ತ ಆಳುಗಳೆಲ್ಲ.

"ಏನೋ ಇದು, ಎಲ್ಲಿಗ್ ಹೊರಟ್ರಿ?"

"ಬೇರೆ ಗೂಡಿಗೆ ಸಾರ್. ನಿಮ್ಗೇ ಗತಿ ಇಲ್ದಿರುವಾಗ ನಾವ್ ಭಾರ ಆಗಬಾರ್ದು. ಈ ವಾರದ ಕೂಲೀನೂ ಬೇಡ, ಇಟ್ಕೊಳ್ಳಿ."

ಸಮುವೇಲಪ್ಪ ಗಾಬರಿಯಿಂದ ಆಕಾಶ ನೋಡಿದ. ಗೂಡಿನ ತುಂಬ ಹಸಿ ಇಟ್ಟಿಗೆ ಜೋಡಿಸಿದೆ. ನಾಳೆ ಬೆಂಕಿ ಇಡಬೇಕು. ಮೇಲೆ ಮೋಡ ಕವಿದಿದೆ. ಒಂದು ಮಳೆ ಬಿದ್ದರೆ ಎಲ್ಲ ಮತ್ತೆ ಮಣ್ಣೇ.

"ಯಾವನೋ ನಂಗೆ ಗತಿ ಇಲ್ಲ ಅಂದೋನು? ಕಾರು ಶೆಡ್ಡಲ್ಲೈತೆ, ನೋಡ್ಕೋ ಹೋಗು! ಬೇಕಾದ್ರೆ ಇನ್ನೂ ನಾಲ್ಕು ಗೂಡು ಕೊಂಡ್ಕೋತೀನಿ! ಇಳ್ಸ್ರೋ ಗಂಟು!"

"ದೇವರಿಗೆ ಸ್ತೋತ್ರ!"

ಗೇಟಿನಲ್ಲಿ ಸಭಾಪಾಲಕರು ನಿಂತಿದ್ದರು. ಅವನನ್ನು ಸಂತೈಸಲು ಸುನಂದಮ್ಮನನ್ನೂ ಕರೆದುಕೊಂಡು ಬಂದಿದ್ದರು. "ಬೆಳಿಗ್ಗೆ ಹೋದ ಆಶೀರ್ವಾದ ಸಂಜೆಗೇ ತಿರುಗಿ ಬಂತಲ್ಲ! ಎಲ್ಲ ಕಳ್ಕೊಂಡ ಯೋಬನಿಗೂ ದೇವರು ಎರಡರಷ್ಟು ತಿರುಗಿ ಕೊಟ್ಟ. ಹಾಗಾದ್ರೆ ಇಟ್ಟಿಗೇನೂ ಎರಡು ಕೋಣೆಗಾಗೋವಷ್ಟು ಕಳಿಸಿ."

ಕದಿರೇಶ್ ಗಂಟು ಇಳಿಸಲಿಲ್ಲ. "ಹಂಗಾದ್ರೆ ಸಾರ್, ನಮ್ ಗುಡಿಸ್ಲಿಗೆ ಶೀಟು ಕೇಳ್ದಾಗೆಲ್ಲ ಇಲ್ಲ ಇಲ್ಲ ಅಂದ್ರಲ್ಲ? ಮೊದ್ಲು ಶೀಟು, ಆಮೇಲೆ ಬೆಂಕಿ."

ಸುನಂದಮ್ಮ ಮಾತ್ರ ಮೆಲ್ಲಗೆ ಕೇಳಿದಳು. "ಅಣ್ಣಾ, ನನ್ ಹಿಟ್ಟಿನ ಡಬ್ಬಿ ಕೊಟ್ಬಿಡಿ. ಮನೇಲಿ ಇದ್ದ ಹಿಟ್ಟು ಅಷ್ಟೇ."

ರೂತಮ್ಮ ಒಳಗಿನಿಂದ ತೊಳೆದಿಟ್ಟ ಡಬ್ಬಿ ತಂದು ಗಂಡನ ಕೈಗೆ ಕೊಟ್ಟಳು. ಸಭಾಪಾಲಕರು ಅದರೊಳಗೆ ಬಗ್ಗಿ ನೋಡಿದರು. ಆಳುಗಳೂ ಕತ್ತು ಚಾಚಿ ನೋಡಿದರು.

ವಾರವಾರವೂ ಸಾಕ್ಷಿ ಹೇಳುವ ಸಮುವೇಲಪ್ಪ ಬಾಯಿ ತೆರೆದ. ಕೋಳಿ ಸಾರಿನ ತೇಗೊಂದು ಹೊರಟಿತು.