ಡಿಸ್ಕ್‌ಗಳಿಗೆ ವಿಭೂತಿ ಹಚ್ಚಿದ ಕಂಪನಿ

ಕೊಪ್ಪಳದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟ ಡಿಸ್ಕಿನೊಳಗಿಂದ ಮಾಹಿತಿ ಹೊರತೆಗೆದು ಕೊಡುವುದು ನನ್ನ ಕಸುಬು. ಇಷ್ಟು ವರ್ಷಗಳಲ್ಲಿ ಬಂದ ಗಿರಾಕಿಗಳೆಲ್ಲ ಹೇಳಿದ್ದು ಒಂದೇ ಮಾತು: "ನಾವೇನೂ ಮಾಡಿಲ್ರಿ, ತಾನ ಹಂಗಾತ್ರಿ." ಗಂಗಾವತಿಯ ಅಕ್ಕಿ ಗಿರಣಿಯ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಸೇರುಗಟ್ಟಲೆ ತೌಡು. ತಾನ ಹಂಗಾತ್ರಿ. ಯಲಬುರ್ಗಾದ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ಹಲ್ಲಿ ಬಾಣಂತನ ಮುಗಿಸಿತ್ತು. ಅದೂ ತಾನ ಹಂಗಾತ್ರಿ. ಆದರೆ ಕುಷ್ಟಗಿಯ ಬೀಜದ ಕಂಪನಿಯವರಷ್ಟು "ಏನೂ ಮಾಡದವರನ್ನು" ನಾನು ಇನ್ನೆಲ್ಲೂ ಕಂಡಿಲ್ಲ.

ಟಿಕಳಿ

ಮಹಾನವಮಿ ಮುಗಿದ ಮರುದಿನ ಕಂಪನಿ ಮಾಲಕರ ಫೋನು. "ಸರ, ಹೋತ್ರಿ! ಎಲ್ಲಾ ಹೋತ್ರಿ! ಲಗೂನ ಬರ್ರಿ!" ಯಾರೋ ತೀರಿಕೊಂಡರೆಂದು ಗಾಬರಿಬಿದ್ದೆ. ಹೋದದ್ದು ಸರ್ವರ್.

ಸಿಕ್ಕ ಬಸ್ ಹತ್ತಿ ಕುಷ್ಟಗಿ ಸೇರಿದೆ. ಗೋದಾಮಿನ ತುಂಬ ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಬೀಜದ ಚೀಲಗಳು. ಚೀಲದ ಮೇಲೆ ತಳಿಯ ಹೆಸರಿಲ್ಲ, ಬರೀ ನಂಬರು. ಬೇರೆ ಕಂಪನಿಯವರಿಗೆ ಗುಟ್ಟು ತಿಳಿಯಬಾರದೆಂದು ಮಾಲಕರು ಮಾಡಿದ ಜಾಣತನ ಅದು. ಯಾವ ನಂಬರು ಯಾವ ತಳಿ ಎಂಬುದು ಗೊತ್ತಿದ್ದದ್ದು ಸರ್ವರ್ ಒಂದಕ್ಕೇ. ವಾರದೊಳಗೆ ಬೀಜ ಲಾರಿ ಹತ್ತಬೇಕು. ಹೆಸರು ಅದಲುಬದಲಾದರೆ ರೈತ ಬಿತ್ತಿದ್ದೊಂದು, ಹುಟ್ಟಿದ್ದೊಂದು ಆಗಿ, ಕಂಪನಿಯ ಬಾಗಿಲಿಗೆ ಬೀಗ.

ಸರ್ವರಿನಲ್ಲಿ ನಾಲ್ಕು ಡಿಸ್ಕುಗಳಿದ್ದವು. ಮಾಹಿತಿಯನ್ನು ನಾಲ್ಕಕ್ಕೂ ಹಂಚಿರುತ್ತಾರೆ. ಒಂದು ಕೆಟ್ಟರೆ ಉಳಿದ ಮೂರು ಹೇಗೋ ಸಂಸಾರ ತೂಗಿಸುತ್ತವೆ. ಎರಡು ಕೆಟ್ಟರೆ ಮುಗಿಯಿತು. ನೋಡಿದರೆ, ಒಂದು ಡಿಸ್ಕಿನ ಮುಂಭಾಗದಲ್ಲಿ ಹೆಂಗಸರು ಹಣೆಗೆ ಹಚ್ಚುವ ದೊಡ್ಡ ಟಿಕಳಿ. ಕಿತ್ತರೆ ಅದರ ಹಿಂದೆ ಕೆಂಪು ದೀಪ ಉರಿಯುತ್ತಿದೆ. ಡಿಸ್ಕ್ ಕೆಟ್ಟಿದೆ ಎಂದು ಹೇಳುವ ದೀಪ.

"ಇದು ಯಾವಾಗಿಂದ ಹತ್ತೈತ್ರಿ?" ಎಂದು ಮ್ಯಾನೇಜರನ್ನು ಕೇಳಿದೆ.

"ಯುಗಾದಿಯಿಂದ್ರಿ. ಕಣ್ಣಿಗೆ ಭಾಳ ಚುಚ್ಚತಿತ್ತ್ರಿ. ಟಿಕಳಿ ಹಚ್ಚಿದಮ್ಯಾಲೆ ಛಲೋ ಆತ್ರಿ."

ಡಬ್ಬಿಗಲ್ಲ, ಒಳಗಿನವಕ್ಕೆ

ಒಂದು ಡಿಸ್ಕ್ ಯುಗಾದಿಗೆ ಹೋಯಿತು, ಸರಿ. ಎರಡನೆಯದು ಹೇಗೆ ಹೋಯಿತು?

"ನಾವೇನೂ ಮಾಡಿಲ್ರಿ" ಎಂದರು ಮಾಲಕರು.

ಒಂದು ಡಿಸ್ಕ್ ಹೊರಗೆಳೆದೆ. ಮೈತುಂಬ ಮೂರು ಎಳೆ ವಿಭೂತಿ. ಇನ್ನೊಂದು ಎಳೆದೆ. ವಿಭೂತಿಯ ನಡುವೆ ಕುಂಕುಮ. ಮೂರನೆಯದಕ್ಕೆ ಚೆಂಡುಹೂವಿನ ಎಸಳು ಅಂಟಿಕೊಂಡಿತ್ತು. ಮಾಲಕರು ಗೋಡೆ ನೋಡತೊಡಗಿದರು.

ನಿಜ ಹೇಳಿದವರು ಅವರ ಅವ್ವ. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಟ್ರ್ಯಾಕ್ಟರ್, ತಕ್ಕಡಿ, ಕುಡುಗೋಲುಗಳಿಗೆಲ್ಲ ಪೂಜೆಯಾಗಿ ಸರ್ವರಿನ ಪಾಳಿ ಬಂದಿತ್ತಂತೆ. "ಬರೀ ಡಬ್ಬಿಗೆ ಪೂಜಿ ಮಾಡಿದ್ರ ಏನ್ ಬಂತಪಾ? ದುಡಿಯಾವು ಒಳಗ ಅದಾವಲ್ಲ! ಅದಕ್ಕ ನಾಕೂ ಹೊರಗ ತಗಸೀನಿ."

"ತೊಳದ್ರೇನ್ರಿ ಅವ್ವಾರ?"

"ಅಷ್ಟೂ ತಿಳಿಯಂಗಿಲ್ಲೇನು ನನಗ? ಕರೆಂಟಿನ ಸಾಮಾನು ಅದು. ಒದ್ದಿ ಬಟ್ಟೀಲೆ ಒರಸೀನಿ ಅಷ್ಟ. ಕಾಯಿ ಒಡಿಯೋಮುಂದ ಒಂದಕ್ಕ ಈಟು ನೀರು ಸಿಡದೈತಿ."

ಮ್ಯಾನೇಜರತ್ತ ತಿರುಗಿದೆ. "ತಿರುಗಿ ಹಾಕೋಮುಂದ ಯಾವ್ದು ಎಲ್ಲಿತ್ತೋ ಅಲ್ಲೇ ಹಾಕೀರೇನ್ರಿ?"

"ಇಲ್ರಿ. ಮೊದಲು ಪೂಜಿ ಆದದ್ದು ಮೊದಲು ಹಾಕೀನ್ರಿ. ಸೀನಿಯಾರಿಟಿ ಪ್ರಕಾರ."

ನಾಲಿಗೆ ಪರೀಕ್ಷೆ

ಕಾಯಿನೀರು ಬಿದ್ದ ಡಿಸ್ಕಿನ ಹಸಿರು ಸರ್ಕ್ಯೂಟ್ ಪಟ್ಟಿ ಬಿಚ್ಚಿ, ಸ್ಪಿರಿಟಿನಲ್ಲಿ ಒರೆಸಿ ಒಣಗಲು ಇಟ್ಟೆ. ಕಾಯುವುದು ಮಾಲಕರಿಂದ ಆಗದು. ಗೋದಾಮಿನಲ್ಲಿ ಅತ್ತಿಂದಿತ್ತ ತಿರುಗುತ್ತ, "ನನ್ನ ಮುಖ ಯಾರಿಗೆ ತೋರ್ಸಲಿ" ಎಂದು ಚೀಲಗಳನ್ನೇ ಕೇಳುತ್ತಿದ್ದರು.

"ಒಂದೊಂದು ಹಿಡಿ ಬಿತ್ತಿ ನೋಡೂಣ್ರಿ, ಗೊತ್ತಾಗ್ತೈತಿ" ಎಂದರು ಮ್ಯಾನೇಜರ್.

"ಕಾಯಿ ಬಿಡೂತನಕ ಲಾರಿ ನಿಂದ್ರಸಲೇನು?" ಮಾಲಕರು ಗುಡುಗಿದರು.

ಬೈಸಿಕೊಂಡ ಮ್ಯಾನೇಜರಿಗೆ ಹುರುಪು ಬಂತು. ಖಾರ ನೋಡಿ ತಳಿ ಹೇಳುತ್ತೇನೆಂದು, ಔಷಧಿ ಹಚ್ಚದ ಚೀಲಗಳನ್ನು ಹುಡುಕಿ ಮೆಣಸಿನಕಾಯಿ ಬೀಜ ಬಾಯಿಗೆ ಹಾಕಿಕೊಂಡರು. ಮೊದಲನೆಯದು "ಸಪ್ಪಗೈತ್ರಿ" ಎಂದರು. ಎರಡನೆಯದು "ಪರವಾಗಿಲ್ರಿ" ಎಂದರು. ಮೂರನೆಯದಕ್ಕೆ ನಲ್ಲಿಯ ಕಡೆ ಓಡಿದರು. ಬೆಲ್ಲ ತಿಂದು ಮಜ್ಜಿಗೆ ಕುಡಿದು ಪರೀಕ್ಷೆ ಮುಂದುವರಿಸಿದರು. ಅಲ್ಲಿಂದಾಚೆ ಅವರ ನಾಲಿಗೆಯ ಪ್ರಕಾರ ಟೊಮ್ಯಾಟೊ ಬೀಜವೂ ಗುಂಟೂರಿನದೇ.

ಹೆರಿಗೆ

ಒಣಗಿದ ಡಿಸ್ಕ್ ಪುಣ್ಯಕ್ಕೆ ತಿರುಗಿತು. ಯುಗಾದಿಯದನ್ನು ಬಿಟ್ಟು ಉಳಿದ ಮೂರನ್ನು ಹೊಸ ಡಿಸ್ಕುಗಳಿಗೆ ನಕಲು ಮಾಡಲು ಹಚ್ಚಿದೆ. ಅವ್ವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ತಮ್ಮ ಕಾಲದಲ್ಲಿ ಓಣಿಯ ಅರ್ಧ ಮಂದಿಯನ್ನು ಹೆರಿಗೆ ಮಾಡಿಸಿದ ಕೈ ಅವರದು.

"ಎಷ್ಟಕ್ಕ ಬಂತಪಾ?"

"ನೂರಕ್ಕ ಮೂವತ್ತಾತ್ರಿ."

"ಇನ್ನಾ ಹೊತ್ತೈತಿ ಹಂಗಾರ. ಒಂದೀಟು ಚಾ ಕುಡಿ."

ನಕಲು ಮುಗಿದ ಮೇಲೆ ನಿಜವಾದ ತಾಪತ್ರಯ ಶುರುವಾಯಿತು. ಯಾವ ಡಿಸ್ಕಿನ ಮುಂದೆ ಯಾವುದು? ಒಂದು ಕ್ರಮದಲ್ಲಿ ಜೋಡಿಸಿದೆ. ಪರದೆಯ ಮೇಲೆ ಬರೀ ಅಡ್ಡಾದಿಡ್ಡಿ ಗುರುತುಗಳು. ಬೇರೆ ಕ್ರಮ ಹಿಡಿದೆ, ಅದೂ ಹಾಗೇ. ಮಾಲಕರು ತಲೆ ಮೇಲೆ ಕೈ ಹೊತ್ತು ಕುಳಿತರು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

"ಕೂಸು ಅಡ್ಡ ಮಲಗೈತಿ ತಮ್ಮಾ" ಎಂದರು ಅವ್ವ. "ಅಂಜಬ್ಯಾಡ, ಹೊಳ್ಳಿಸಿ ಹಾಕು."

ಹೊಳ್ಳಿಸಿ ಹಾಕಿದೆ. ಪರದೆ ತುಂಬ ನಂಬರುಗಳು ಬಂದವು, ನಂಬರಿನ ಪಕ್ಕದಲ್ಲಿ ಹೆಸರುಗಳೂ ಬಂದವು. ನಾನು ಕುರ್ಚಿಯಿಂದ ಹಾರಿ ಎದ್ದು, "ಬಂತ್ರೀ! ಮೆಣಸಿನಕಾಯಿ ಬಂತ್ರೀ!" ಎಂದು ಕೂಗಿದೆ. ಮಾಲಕರು ಅಳುತ್ತ ಮ್ಯಾನೇಜರನ್ನು ತಬ್ಬಿಕೊಂಡರು. ಮ್ಯಾನೇಜರ್ ನನ್ನನ್ನು ತಬ್ಬಿಕೊಂಡು ಅಂಗಿಗೆ ಮಜ್ಜಿಗೆ ಹಚ್ಚಿದರು.

ಅವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಯಾವ್ದರ ಆಗಲಿ, ಕೈಕಾಲು ನೆಟ್ಟಗ ಅದಾವಿಲ್ಲ ನೋಡಪಾ."

ಕಾಪಿ

ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು. ನಾನು ಎಲ್ಲ ಮಾಹಿತಿಯನ್ನು ಬೇರೊಂದು ಡಿಸ್ಕಿಗೆ ಹಾಕಿ, "ಇದು ಕಾಪಿ. ಸರ್ವರಿನ ಬಾಜೂಕ ಇಡಬ್ಯಾಡ್ರಿ. ಒಣಾ ಜಾಗದಾಗ, ಯಾರ ಕೈಗೂ ಸಿಗದಂಗ ಇಡ್ರಿ. ಅದು ಕೆಟ್ರೂ ಇದರಿಂದ ಮತ್ತ ಹುಟ್ಟಸಬಹುದು" ಎಂದೆ.

"ಹಂಗಂದ್ರ ಬಿತ್ತಾಕ ಬೀಜ ಕಾದಿಟ್ಟಂಗ. ನನ್ನ ಕೈಯಾಗ ಕೊಡು" ಎಂದು ಅವ್ವ ಇಸಿದುಕೊಂಡರು.

ಕೆಲವು ತಿಂಗಳ ಮೇಲೆ ಕುಷ್ಟಗಿಗೆ ಹೋದಾಗ, ಕಾಪಿ ಹೇಗಿದೆಯೆಂದು ನೋಡೋಣವೆನ್ನಿಸಿ ಅವರ ಮನೆಗೆ ಹೋದೆ. ಅವ್ವ ಖುಷಿಯಿಂದ ಒಳಗೆ ಕರೆದೊಯ್ದರು. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ, ಬಾಯಿಗೆ ಸೆಗಣಿ ಮೆತ್ತಿದೆ. ಸೆಗಣಿ ಒಡೆದರು. ಒಳಗೆ ಬೂದಿ. ಮೊಣಕೈತನಕ ಕೈ ಇಳಿಸಿ, ತಡಕಾಡಿ, ಡಿಸ್ಕನ್ನು ಮೇಲೆತ್ತಿದರು. ವೈರು ಸಿಕ್ಕಿಸುವ ಸಂದಿಯಲ್ಲಿ ಒಣಗಿದ ಬೇವಿನ ಎಲೆ.

ನಾನು ಬಗ್ಗಿ ಆ ಸಂದಿಯೊಳಗೆ ಇಣುಕಿದೆ. "ಅವ್ವಾರ, ಏನ್ ಮಾಡಿದ್ರಿ ಇದು! ಡಿಸ್ಕ್ ಕಂಪನ್ಯಾವ್ರು ಇದಕ್ಕ ಒಂದು ವರ್ಷ ಗ್ಯಾರಂಟಿ ಕೊಟ್ಟಿದ್ರಲ್ರಿ!"

"ಒಂದ ವರ್ಷೇನು?" ಅವ್ವ ಸೆರಗಿನಿಂದ ಡಿಸ್ಕಿನ ಬೂದಿ ಜಾಡಿಸಿ ನನ್ನ ಕೈಗಿಟ್ಟರು. "ಈಗ ನೋಡು, ಎರಡು ವರ್ಷ ಹುಳ ಹತ್ತಂಗಿಲ್ಲ."