ಪಕ್ಕದ ಸೀಟಿನ ‘ಹೂಂ’

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ರಜೆ ಕೇಳಿದ್ದು ಅದೇ ಮೊದಲು. ಸ್ಕೂಲಿನ ಒಡತಿ ಅವರ ಮುಖವನ್ನೇ ದಿಟ್ಟಿಸಿ, ಮೈ ಹುಷಾರಿದೆ ತಾನೇ ಎಂದು ವಿಚಾರಿಸಿದರು. ಮೇಷ್ಟ್ರು ಎದೆಯುಬ್ಬಿಸಿ ಘೋಷಿಸಿದರು.

“ನಾನೂ ನನ್ನ ಹೆಂಡ್ತೀನೂ ಬೆಟ್ಟದ ಊರಿಗೆ ಹೋಗ್ತಿದ್ದೀವಿ ಮೇಡಂ. ಮೂರು ದಿನ. ಫೋನಿಲ್ಲ, ಟಿ.ವಿ. ಇಲ್ಲ, ಮೂರನೆಯವರಿಲ್ಲ. ಬರೀ ನಾವಿಬ್ಬರು, ಬರೀ ಮಾತು!”

ಕ್ಲಚ್ಚು ಬಿಡಲು ಹೆದರಿ ನಡುರಸ್ತೆಯಲ್ಲಿ ಅತ್ತವರನ್ನೆಲ್ಲ ಹೆದ್ದಾರಿ ಹತ್ತಿಸಿದ ಮಹಾನುಭಾವರು ಅವರು. ಊರಿನ ಅರ್ಧ ಕಾರುಗಳು ಅವರ ಬೈಗುಳ ಕೇಳಿಯೇ ನೆಟ್ಟಗೆ ಓಡುವುದನ್ನು ಕಲಿತಿದ್ದವು. ಅಂಥವರಿಗೆ ಸ್ವಂತ ಹೆಂಡತಿಯ ಜೊತೆ ಮೂರು ದಿನ ಮಾತಾಡುವುದು ಯಾವ ಘನಕಾರ್ಯ?

ಘನಕಾರ್ಯವೇ ಆಗಿತ್ತು. ಅದು ಅವರಿಗೂ ಗೊತ್ತಿತ್ತು.

ಮದುವೆಯಾದಂದಿನಿಂದ ಆ ಮನೆಯ ಮಾತೆಲ್ಲ ಒಂದು ಜಂಕ್ಷನ್ ಮೂಲಕ ಹಾದುಹೋಗುತ್ತಿತ್ತು. ಆ ಜಂಕ್ಷನ್ ಎಂದರೆ ನಡುಮನೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ ಮೇಷ್ಟ್ರ ಅಪ್ಪ. “ಮಾವ, ಇವರು ಊಟಕ್ಕೆ ಬರ್ತಾರಂತಾ ಕೇಳಿ” ಎಂದು ಅಡುಗೆಮನೆಯಿಂದ ಬಂದರೆ, “ಬರ್ತಾನಂತೆ ಕಣಮ್ಮ, ಉಪ್ಪು ಕಮ್ಮಿ ಹಾಕ್ಬೇಕಂತೆ” ಎಂದು ಮಗ ಹೇಳದೇ ಇದ್ದದ್ದನ್ನೂ ಸೇರಿಸಿ, ಒಗ್ಗರಣೆ ಹಾಕಿ ಅವರು ದಾಟಿಸುತ್ತಿದ್ದರು. ಗಂಡ ಹೆಂಡಿರ ಜಗಳವೂ ಆ ಕುರ್ಚಿಯ ಮೇಲಿಂದಲೇ, ರಾಜಿಯೂ ಅಲ್ಲಿಂದಲೇ. ಹೋದ ವರ್ಷ ಅವರು ತೀರಿಕೊಂಡರು. ಜಂಕ್ಷನ್ನೇ ಮುಚ್ಚಿದ ಮೇಲೆ ಎರಡೂ ಕಡೆಯ ಗಾಡಿಗಳು ನಿಂತಲ್ಲೇ ನಿಂತವು. ಹೆಂಡತಿ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು ದಿನವಿಡೀ ರೋಗಿಗಳಿಗೆ “ಕೂತಿರಿ, ಕರೀತಾರೆ” ಎನ್ನುವರು. ಮೇಷ್ಟ್ರು ದಿನವಿಡೀ “ಬ್ರೇಕು, ಬ್ರೇಕು” ಎನ್ನುವರು. ಸಂಜೆ ಇಬ್ಬರೂ ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ, ಅಲ್ಲಿ ಬಾಯಿ ತೆರೆಯುತ್ತಿದ್ದುದು ಕುಕ್ಕರ್ ಒಂದೇ.

ಹೊರಡುವಾಗಲೇ ತಕರಾರು. ಮೇಷ್ಟ್ರು ಸ್ಕೂಲಿನ ಕಾರನ್ನೇ ಒಯ್ಯೋಣವೆಂದಿದ್ದರು. ಆದರೆ ಅದರ ನೆತ್ತಿಯ ಮೇಲೆ ‘ಕಲಿಯುವವರಿದ್ದಾರೆ, ಎಚ್ಚರಿಕೆ’ ಎಂಬ ಬೋರ್ಡು. ಪಕ್ಕದ ಸೀಟಿನ ಕಾಲ ಬಳಿ ಇನ್ನೊಂದು ಬ್ರೇಕು. ಆ ಬೋರ್ಡು ಹೊತ್ತುಕೊಂಡು ತಾನು ಎಲ್ಲಿಗೂ ಬರುವುದಿಲ್ಲ, ಬಂದರೆ ಆ ಬ್ರೇಕು ತುಳಿಯದೇ ಇರುವುದೂ ಇಲ್ಲ ಎಂದು ಹೆಂಡತಿ ತಿಳಿಸಿದರು. ಹಾಗಾಗಿ ಬಸ್ಸು ಹತ್ತಿದರು. ಘಾಟಿಯ ಒಂದೊಂದು ತಿರುವಿನಲ್ಲೂ ಮೇಷ್ಟ್ರ ಬಲಗಾಲು ಬಸ್ಸಿನ ನೆಲವನ್ನು ಒತ್ತಿ ಒತ್ತಿ, ಬೆಟ್ಟ ಏರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತ್ತು.

ಲಾಡ್ಜಿನ ಕೋಣೆಯಲ್ಲಿ ಎರಡು ಒಂಟಿ ಮಂಚಗಳು. ಹತ್ತಿರ ಎಳೆಯೋಣವೆಂದರೆ ಕಾಲುಗಳನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದರು. ಕಿಟಕಿ ತೆರೆದರೆ ಬೆಟ್ಟವಲ್ಲ, ಪಕ್ಕದ ಲಾಡ್ಜಿನ ನೀರಿನ ಟ್ಯಾಂಕು. ಮೇಷ್ಟ್ರು ಧೃತಿಗೆಡದೆ ಇಬ್ಬರ ಫೋನನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಊಟಕ್ಕೆ ಕೂತಾಗ ಪಾಠದ ಕ್ರಮದಲ್ಲೇ ಮಾತು ಶುರು ಮಾಡಿದರು: ಮೊದಲ ಗೇರಿನಲ್ಲಿ ಊಟದ ವಿಷಯ, ಎರಡನೆಯದರಲ್ಲಿ ಪ್ರಕೃತಿ, ಮೂರನೆಯದರಲ್ಲಿ ಹಳೆಯ ನೆನಪು, ಕೊನೆಗೆ ಹೃದಯದ ಸಂಗತಿ.

“ಊಟ ಚೆನ್ನಾಗಿದೆ, ಅಲ್ವಾ?”

“ಹೂಂ.”

ಗಾಡಿ ಅಲ್ಲಿಗೇ ಆಫ್ ಆಯಿತು. ಪಕ್ಕದ ಮೇಜಿನಲ್ಲಿ ಇನ್ನೊಂದು ಜೋಡಿ, ಇಬ್ಬರೂ ತಮ್ಮ ತಮ್ಮ ಫೋನಿನೊಳಗೆ ಮುಳುಗಿದ್ದರು. ಮೇಷ್ಟ್ರಿಗೆ ಅವರನ್ನು ನೋಡಿ ಹೊಟ್ಟೆಕಿಚ್ಚಾಯಿತು. ಮಾತಾಡದೇ ಇರುವುದಕ್ಕೆ ಅವರ ಹತ್ತಿರ ಒಂದು ಕಾರಣವಾದರೂ ಇತ್ತು.

ಬೆಳಿಗ್ಗೆ ಎದ್ದಾಗ ಹೆಂಡತಿ ಕಿಟಕಿಯ ಬಳಿ ಕೂತು ಆ ಟ್ಯಾಂಕನ್ನೇ ನೋಡುತ್ತಿದ್ದರು. ಏನು ನೋಡುತ್ತಿದ್ದೀಯ ಎಂದರೆ ಏನಿಲ್ಲ ಎಂದರು. ಏನಿಲ್ಲದ್ದನ್ನು ಅವರು ಅಷ್ಟು ಹೊತ್ತು ನೋಡುತ್ತಿದ್ದುದರಿಂದ ಮೇಷ್ಟ್ರಿಗೆ ಒಂಥರಾ ಸಂಕಟವಾಯಿತು. ತಕ್ಷಣ ಕೆಳಗಿಳಿದು, ಸುತ್ತಲಿನ ಹಳ್ಳಿಗಳನ್ನು ತೋರಿಸಿಕೊಂಡು ಬರುವ ಮಿನಿ ಬಸ್ಸಿನಲ್ಲಿ ಎರಡು ಸೀಟು ಹಿಡಿದರು.

ಚಳಿಗೆಂದು ಲಾಡ್ಜಿನವರು ಎಲ್ಲರಿಗೂ ಒಂದೊಂದು ಕಂದು ಶಾಲು ಕೊಟ್ಟಿದ್ದರು. ತಲೆತನಕ ಹೊದ್ದು ಕೂತ ಪ್ರವಾಸಿಗರನ್ನು ಹಿಂದಿನಿಂದ ನೋಡಿದರೆ ಬಸ್ಸಿನಲ್ಲಿ ಆಲೂಗಡ್ಡೆ ಮೂಟೆ ಸಾಗಿಸುತ್ತಿದ್ದಾರೇನೋ ಅನ್ನಿಸಬೇಕು. ಮೊದಲ ಹಳ್ಳಿಯಲ್ಲಿ ಎಲ್ಲರೂ ಟೀಗೆ ಇಳಿದರು. ಅಂಗಡಿಯೊಳಗೆ ಬೆಂಕಿ ಉರಿಯುತ್ತಿತ್ತು. ಹೆಂಡತಿ ಅದರ ಹತ್ತಿರ ನಿಂತರು. ಮೇಷ್ಟ್ರು ಟೀಯನ್ನು ಒಂದೇ ಗುಟುಕಿಗೆ ಮುಗಿಸಿ, ಕಿಟಕಿ ಸೀಟು ಯಾರ ಪಾಲಾದೀತೋ ಎಂದು ಓಡಿ ಬಂದು ಕೂತರು. ತುಸು ಹೊತ್ತಿಗೆ ಕಂದು ಶಾಲೊಂದು ಬಂದು ಪಕ್ಕದಲ್ಲಿ ಕೂತಿತು. ಬಸ್ಸು ಹೊರಟಿತು.

ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಿಟಕಿಗೆ ಯಾರೋ ಬೆಳ್ಳಗೆ ಸುಣ್ಣ ಹೊಡೆದಂತಿತ್ತು. ನೋಡಲು ಏನೂ ಇಲ್ಲದ ಆ ಬಿಳುಪಿನ ಕಡೆಗೆ ಮುಖ ಮಾಡಿದಾಗ ಮೇಷ್ಟ್ರಿಗೆ ಅದೇಕೋ ಮಾತು ತಾನಾಗಿಯೇ ಬಂತು.

“ಅಪ್ಪ ಇದ್ದಿದ್ರೆ ಈ ಮಂಜಿಗೂ ಏನಾದ್ರೂ ಹೆಸರಿಡೋರು, ಅಲ್ವಾ?”

“ಹೂಂ” ಎಂದಿತು ಶಾಲು.

ಆ ‘ಹೂಂ’ನಲ್ಲಿ ನಿನ್ನೆಯ ಚಳಿಯಿರಲಿಲ್ಲ. ಮೇಷ್ಟ್ರು ನೇರ ಕೊನೆಯ ಗೇರಿಗೇ ಹಾರಿದರು. ಅಪ್ಪ ಹೋದ ಮೇಲೆ ಮನೆ ಎಷ್ಟು ದೊಡ್ಡದಾಗಿಬಿಟ್ಟಿದೆ ಎಂದರು. ನಾನು ಬೆಳಿಗ್ಗೆ ಬೇಗ ಸ್ಕೂಲಿಗೆ ಹೋಗುವುದು ಕಲಿಯುವವರಿಗಾಗಿ ಅಲ್ಲ, ಬೀಗ ಹಾಕಿದ ಸ್ಕೂಲಿನ ಮುಂದೆ ಕಾರಿನಲ್ಲಿ ಸುಮ್ಮನೆ ಕೂತಿರುತ್ತೇನೆ ಎಂದರು. ನೀನೇನಾದರೂ ಕೇಳಿಬಿಟ್ಟರೆ ಉತ್ತರ ಗೊತ್ತಿರುವುದಿಲ್ಲವಲ್ಲ ಎಂಬ ಭಯ, ನೀನು ಏನೂ ಕೇಳದೇ ಇದ್ದರೆ ಇನ್ನೂ ದೊಡ್ಡ ಭಯ ಎಂದರು. ಒಂದೊಂದಕ್ಕೂ ಶಾಲಿನೊಳಗಿಂದ ಹದವಾದ ‘ಹೂಂ’ ಬರುತ್ತಿತ್ತು. ಮದುವೆಯಾದಂದಿನಿಂದ ಅವರಿಬ್ಬರ ನಡುವೆ ಇಷ್ಟು ಒಳ್ಳೆಯ ಮಾತುಕತೆ ನಡೆದಿರಲೇ ಇಲ್ಲ. ಮೇಷ್ಟ್ರ ಕಣ್ಣು ತೇವವಾಯಿತು.

“ನೀನೂ ಏನಾದ್ರೂ ಹೇಳೇ” ಎಂದು ತಿರುಗಿದರು.

ಶಾಲೊಳಗಿಂದ ದಪ್ಪ ಬಿಳಿ ಮೀಸೆಯೊಂದು ಅವರನ್ನು ನೋಡಿತು.

ಅದು ಅದೇ ಲಾಡ್ಜಿನಲ್ಲಿ ತಂಗಿದ್ದ ಒಬ್ಬ ಹಿರಿಯರು. ಬಸ್ಸಿನ ಕೊನೆಯ ಸೀಟಿನಲ್ಲಿ ಎತ್ತಿ ಎತ್ತಿ ಕುಕ್ಕುತ್ತಿದ್ದುದರಿಂದ ಸೊಂಟ ತಡೆಯದೆ, ಖಾಲಿ ಜಾಗ ಕಂಡು ಮುಂದೆ ಬಂದಿದ್ದರು. ಅವರು ಜೇಬಿನಿಂದ ಏನನ್ನೋ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, “ಏನಂದ್ರಿ? ಬಸ್ಸಿನ ಸದ್ದು ತಡೀಲಾರದೆ ಮೆಷಿನ್ ಬಿಚ್ಚಿಟ್ಟಿದ್ದೆ” ಎಂದರು.

“ಮತ್ತೆ ಹೂಂ ಅಂತಿದ್ರಲ್ಲ?”

“ಮನೇಲೂ ಹಾಗೇ ಅಂತೀನಿ. ಇಲ್ಲೀತನಕ ಏನೂ ತೊಂದ್ರೆ ಆಗಿಲ್ಲ.”

ಕೇಳಬೇಕಾದ ಕಿವಿಗೆ ಬೀಳಲಿಲ್ಲ, ಬಿದ್ದ ಕಿವಿ ಜೇಬಿನಲ್ಲಿತ್ತು ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಹಿಂದಿನ ಸೀಟಿನಿಂದ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು. ಅಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ದಿನವಿಡೀ ಇಂಜಿನ್ ಸದ್ದನ್ನು ಮೀರಿಸಿ ಕೂಗಿ ಅಭ್ಯಾಸವಾಗಿದ್ದ ಮೇಷ್ಟ್ರ ಗಂಟಲಿಗೆ ಪಿಸುಮಾತೆಂಬುದೇ ಗೊತ್ತಿರಲಿಲ್ಲ. ಅವರ ಹೃದಯದ ಸಂಗತಿ ಇಡೀ ಬಸ್ಸಿಗೆ ತಲುಪಿತ್ತು.

“ತುಂಬಾ ಚೆನ್ನಾಗಿ ಹೇಳಿದ್ರಿ” ಎಂದರು ಅಕ್ಕ. “ನಿಮ್ಮ ಮನೆಯವರಿಗೂ ಒಂದ್ಸಲ ಹೇಳಿ.”

ಆಗ ಮೇಷ್ಟ್ರಿಗೆ ಹೊಳೆಯಿತು. ಮನೆಯವರು ಎಲ್ಲಿ?

ಬಸ್ಸು ನಿಂತಿತು. ಡ್ರೈವರ್ ಒಳ್ಳೆಯ ಮನುಷ್ಯ; ದಾರಿಯಲ್ಲಿ ಎದುರಾಗುವ ಗಾಡಿಯವರಿಗೆ ಹೇಳಿ ಕಳಿಸೋಣ, ಆಕೆ ಯಾವ ಬಣ್ಣದ ಬಟ್ಟೆ ಉಟ್ಟಿದ್ದರು ಎಂದು ಕೇಳಿದ. ಮೇಷ್ಟ್ರು ಕಣ್ಣು ಮುಚ್ಚಿ ಬೆಳಗಿನ ಕೋಣೆಯನ್ನು ನೆನೆದರು. ಮಂಚ ಕಂಡಿತು, ಮೊಳೆ ಕಂಡಿತು, ಟ್ಯಾಂಕು ಕೂಡ ಕಂಡಿತು.

“ಹಸಿರು” ಎಂದರು ಹಿಂದಿನಿಂದ ತಂಗಿ, ಮೆಲ್ಲಗೆ. “ಹಸಿರಿನ ಮೇಲೆ ಸಣ್ಣ ಬಿಳಿ ಹೂವು.”

ಬಸ್ಸಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮೇಷ್ಟ್ರಿಗೆ.

ಕಳೆದುಹೋದ ಮಾನವನ್ನು ವೃತ್ತಿಯಿಂದಾದರೂ ಮರಳಿ ಪಡೆಯೋಣವೆಂದು ಅವರು ಬಸ್ಸನ್ನು ಅಲ್ಲೇ ತಿರುಗಿಸಲು ಹಟ ಹಿಡಿದರು. ಮುಂದಿನ ಹಳ್ಳಿಯವರೆಗೂ ಜಾಗವಿಲ್ಲ ಎಂದು ಡ್ರೈವರ್ ಎಷ್ಟು ಹೇಳಿದರೂ ಕೇಳಲಿಲ್ಲ. ತಾನು ತಯಾರು ಮಾಡಿದ ಡ್ರೈವರುಗಳ ಮಹಿಮೆಯನ್ನು ಕೊಂಡಾಡಿ, ಕೆಳಗಿಳಿದು ಬಸ್ಸಿನ ಹಿಂದೆ ನಿಂತು ಎರಡೂ ಕೈಯಾಡಿಸುತ್ತ “ಬರ್ಲಿ, ಬರ್ಲಿ, ಇನ್ನೂ ಬರ್ಲಿ” ಎಂದರು. ಬಂತು. ಹಳ್ಳಿ ನೋಡಲು ಹೊರಟ ಬಸ್ಸು ಹಳ್ಳ ನೋಡಿತು. ಹಿಂದಿನ ಚಕ್ರ ಕೆಸರಿನಲ್ಲಿ ಕೂತು, ಆಲೂಗಡ್ಡೆ ಮೂಟೆಗಳೆಲ್ಲ ಒಂದೊಂದಾಗಿ ಇಳಿದು ತಳ್ಳಲು ನಿಂತವು. ಮೇಷ್ಟ್ರೂ ಹೆಗಲು ಕೊಡಲು ಹೋದರು. ಡ್ರೈವರ್ ಕೈಮುಗಿದ. ತಾವು ದಯವಿಟ್ಟು ನಡೆದುಕೊಂಡೇ ಹೋಗಿ ಅಮ್ಮನವರನ್ನು ಹುಡುಕಬೇಕು, ಬಸ್ಸನ್ನು ಅದರ ಪಾಡಿಗೆ ಬಿಡಬೇಕು ಎಂದು ಕೇಳಿಕೊಂಡ.

ಇಳಿಜಾರಿನಲ್ಲಿ ಮೇಷ್ಟ್ರು ಒಬ್ಬರೇ ನಡೆದರು. ಮಂಜಿನಲ್ಲಿ ತಮ್ಮದೇ ಕಾಲು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕಲಿಯುವವರಿಲ್ಲ, ತುಳಿಯಲು ಬ್ರೇಕಿಲ್ಲ. ಅವರು ಹೆಂಡತಿಯನ್ನು ಕೂಗಲು ನೋಡಿದರು. ಏನೆಂದು ಕೂಗಬೇಕೆಂದೇ ತಿಳಿಯಲಿಲ್ಲ. ಆಕೆಯ ಹೆಸರನ್ನು ಬಾಯಿಬಿಟ್ಟು ಕರೆದು ಅದೆಷ್ಟು ಕಾಲವಾಗಿತ್ತೋ. ಒಮ್ಮೆ ಕರೆದರು. ದನಿ ಮಂಜಿನೊಳಗೆ ಹೋಗಿ ಅಲ್ಲೇ ಉಳಿಯಿತು.

ಟೀ ಅಂಗಡಿ ಹತ್ತಿರ ಬಂದಾಗ ಒಳಗಿನಿಂದ ನಗು ಕೇಳಿಸಿತು. ಹೆಂಡತಿಯ ನಗು. ಅಂಗಡಿಯಾಕೆಗೆ ಅವರು ಮಾವನ ಕತೆ ಹೇಳುತ್ತಿದ್ದರು: ಉಪ್ಪು ಹೆಚ್ಚಾಯಿತೆಂದು ಮಾವನಿಗೇ ಅನ್ನಿಸಿದರೂ ಮಗನ ತಲೆಗೆ ಕಟ್ಟುತ್ತಿದ್ದುದು, ಗಂಡ ಹೆಂಡತಿ ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ ಕುರ್ಚಿಯಿಂದಲೇ ಸಂದೇಶ ದಾಟಿಸುತ್ತಿದ್ದುದು. ಆಮೇಲೆ, ಬಸ್ಸಿನಲ್ಲಿ ಕೂತ ಗಂಡ ತಿರುವು ಬಂದಾಗಲೆಲ್ಲ ಹೇಗೆ ಕಾಲು ಒತ್ತುತ್ತಾರೆ ಎಂಬುದನ್ನು ಮಾಡಿ ತೋರಿಸಿದರು. ಅಂಗಡಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಒಳಗೆ ಹೋಗಲಿಲ್ಲ. ಮಂಜಿನಲ್ಲಿ, ಗೋಡೆಗೆ ಒರಗಿಕೊಂಡು, ಬಹಳ ಹೊತ್ತು ನಿಂತಿದ್ದರು. ಒಮ್ಮೆ ರಸ್ತೆಗೂ ಇಳಿದು, ತುಸು ದೂರ ಹೋಗಿ, ತಿರುಗಿ ಬಂದರು.

ಕೊನೆಗೆ ಬಾಗಿಲಲ್ಲಿ ಕಾಣಿಸಿಕೊಂಡಾಗ ಒಳಗಿನ ನಗು ನಿಂತಿತು.

“ಬಂದ್ರಾ?” ಎಂದರು ಹೆಂಡತಿ.

“ಗೊತ್ತಾದ ತಕ್ಷಣ ಓಡಿ ಬಂದೆ.”

“ಬಸ್ಸು ಹೊರಟಾಗ ನಾನು ಓಡಿ ಬಂದು ನಿಮ್ಮ ಕಿಟಕಿಗೆ ಕೈ ಮಾಡಿದೆ.”

“ನನಗೆ ಕಾಣ್ಲಿಲ್ಲ ಕಣೇ.”

“ಕಾಣಿಸ್ತು. ನೀವೂ ತಿರುಗಿ ಕೈ ಮಾಡಿದ್ರಿ.” ಹೆಂಡತಿ ಬೆಂಕಿಯನ್ನು ನೋಡುತ್ತ ಹೇಳಿದರು. “ನನಗೆ ಟಾಟಾ ಮಾಡಿ ಹೋದ್ರಿ.”

ಮೇಷ್ಟ್ರಿಗೆ ನೆನಪಾಯಿತು. ಹಳ್ಳಿಯ ಜನ ಎಷ್ಟು ವಿಶ್ವಾಸದವರು ಎಂದುಕೊಂಡು, ಮಂಜಿನೊಳಗಿನ ಯಾರೋ ಹೆಂಗಸಿಗೆ ತಾವು ಉದಾರವಾಗಿ ಕೈಬೀಸಿದ್ದು. ಅವರು ಬೆಂಚಿನ ತುದಿಯಲ್ಲಿ ಕುಸಿದು ಕೂತರು. ಅಂಗಡಿಯಾಕೆ ಕೇಳದೆಯೇ ಒಂದು ಟೀ ತಂದಿಟ್ಟರು.

ಅಷ್ಟರಲ್ಲಿ ಬಸ್ಸು, ಮೇಷ್ಟ್ರ ಸಹಾಯವಿಲ್ಲದ್ದರಿಂದ ಸಲೀಸಾಗಿ ಮೇಲೆದ್ದು, ಮೂತಿ ತಿರುಗಿಸಿಕೊಂಡು ಅಂಗಡಿಯ ಮುಂದೆ ಬಂದು ನಿಂತಿತು. ಒಳಗಿದ್ದವರೆಲ್ಲ ಹೆಂಡತಿಯನ್ನು ಕಂಡು, ಬಹಳ ದಿನದ ಪರಿಚಯದವರಂತೆ ನಕ್ಕರು. ಮೀಸೆಯ ಹಿರಿಯರು ಎದ್ದು ಜಾಗ ಬಿಟ್ಟರು. ಇವರೆಲ್ಲ ತನ್ನನ್ನೇ ಯಾಕೆ ಹಾಗೆ ನೋಡುತ್ತಿದ್ದಾರೆ ಎಂದು ಹೆಂಡತಿ ಕೇಳಿದರು. ಮೇಷ್ಟ್ರು ಉತ್ತರಿಸುವ ಮೊದಲೇ ಹಿಂದಿನ ಸೀಟಿನ ಅಕ್ಕತಂಗಿಯರು ಮುಂದೆ ಬಾಗಿ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬುತ್ತ, ಎಲ್ಲವನ್ನೂ ಆಕೆಯ ಕಿವಿಯಲ್ಲಿ ಹೇಳಿ ಮುಗಿಸಿದರು.

ಹೆಂಡತಿ ಗಂಡನ ಕಡೆಗೆ ತಿರುಗಿದರು.

“ನಿಜಾನಾ?”

“ಹೂಂ” ಎಂದರು ಮೇಷ್ಟ್ರು.

“ಸ್ಕೂಲ್ ಮುಂದೆ ಕಾರಲ್ಲಿ ಕೂತಿರ್ತೀರಾ?”

“ಹೂಂ.”

“ನಿಮ್ಮ ಬಾಯಿಂದ ಕೇಳ್ಬೇಕು.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬಸ್ಸಿನವರೆಲ್ಲ ಕಿವಿ ನಿಮಿರಿಸಿದರು. ಮುಖ ನೋಡುತ್ತ ಒಂದು ಮಾತೂ ಹೊರಡಲಿಲ್ಲ. ಆಗ ಹೆಂಡತಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಮುಚ್ಚಿ, “ನಾನು ಆ ಮೀಸೆ ತಾತ ಅಂದ್ಕೊಳ್ಳಿ. ಕಿಟಕಿ ಕಡೆ ತಿರುಗಿ ಹೇಳಿ” ಎಂದರು.

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಮೊದಲು ತೊದಲಿದರು, ಆಮೇಲೆ ದಾರಿ ಸಿಕ್ಕಿತು. ಮನೆ ದೊಡ್ಡದಾದ ಮಾತು, ಕಾರಿನ ಮಾತು, ಎರಡೂ ಭಯಗಳ ಮಾತು. ಶಾಲಿನೊಳಗಿಂದ ‘ಹೂಂ’ ಬರುತ್ತಿತ್ತು. ಆಮೇಲೆ ಇನ್ನೂ ಯಾರಿಗೂ ಹೇಳದ ಮಾತಿಗೆ ಬಂದರು. ಇವತ್ತು ಅಂಗಡಿಯ ಹೊರಗೆ ನಿಂತು ನಿನ್ನ ನಗು ಕೇಳಿದೆ ಎಂದರು. ಇಷ್ಟು ನಗು ನಿನ್ನೊಳಗೆ ಇನ್ನೂ ಉಳಿದಿದೆ ಅಂತ ಗೊತ್ತಿರಲಿಲ್ಲ ಎಂದರು. “ನಾನು ಒಳಗೆ ಬಂದ್ರೆ ಅದು ನಿಂತುಹೋಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ವಾಪಸ್ ಹೋಗ್ಬಿಡೋಣ ಅಂತ ರಸ್ತೆಗೆ ಇಳಿದಿದ್ದೆ, ಸ್ವಲ್ಪ ದೂರ ಹೋಗಿಯೂ ಬಿಟ್ಟಿದ್ದೆ.”

ಶಾಲಿನಿಂದ ಉತ್ತರ ಬರಲಿಲ್ಲ. ಮೇಷ್ಟ್ರು ಕಾದರು. ಹೆದರುತ್ತ ಹೆದರುತ್ತ ತಿರುಗಿ, ಶಾಲನ್ನು ತುಸುವೇ ಸರಿಸಿ ನೋಡಿದರು. ಬೆಂಕಿಯ ಕಾವಿನಿಂದೆದ್ದು ಬಂದಿದ್ದ ಹೆಂಡತಿ, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದರು.

ಹಿಂದಿನ ಸೀಟಿನಿಂದ ಅಕ್ಕನ ದನಿ ಬಂತು.

“ಮಲಗ್ಲಿ ಬಿಡಿ, ಪಾಪ. ಹೋಗುವಾಗ ಈ ಭಾಗ ನೀವು ಹೇಳಿರ್ಲಿಲ್ಲ. ಆಮೇಲೇನಾಯ್ತು?”